ಎದುರಿನ ಮೇಜು

ಬೆಳಿಗ್ಗೆ ಏಳಕ್ಕೆ ಹಿಟ್ಟಿನ ಗಿರಣಿಯ ಬೆಲ್ಟು ಪಟಪಟ ಬಡಿದುಕೊಳ್ಳಲು ಶುರುಮಾಡುತ್ತದೆ. ಅದರ ಮೇಲಿನ ಮಹಡಿಯಲ್ಲೇ ಚಿಕ್ಕಮ್ಮನ ಮನೆ. ಬೇರೆಯವರಾಗಿದ್ದರೆ ಆ ಸದ್ದಿಗೆ ಮನೆ ಬಿಟ್ಟು ಓಡುತ್ತಿದ್ದರು. ಚಿಕ್ಕಮ್ಮ ಅದಕ್ಕಾಗಿ ಕಾಯುತ್ತಾಳೆ. ಅವಳು ವಕೀಲೆ. ಅವತ್ತಿನ ಸಾಕ್ಷಿಗೆ ಹಾಕುವ ಪ್ರಶ್ನೆಗಳನ್ನು ಗಟ್ಟಿಯಾಗಿ ಕೇಳಿ ನೋಡಲು ಅವಳಿಗೆ ಆ ಸದ್ದಿನ ಮರೆ ಬೇಕು. ಜಡೆ ಹಾಕಿಕೊಳ್ಳುತ್ತಲೇ ಕನ್ನಡಿಯನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ.

"ಕನ್ನಡಿ ತಪ್ಪೊಪ್ಪಿಕೊಳ್ತಾ?" ಎಂದು ಚಿಕ್ಕಪ್ಪ ಚಹಾ ತಂದಿಡುತ್ತಾರೆ.

"ಇನ್ನೂ ಇಲ್ಲ. ನಿಮ್ಮಷ್ಟೇ ಮೊಂಡು."

ಓದು ಮುಗಿಸಿ ನಾಲ್ಕು ವರ್ಷ ಸ್ವಂತ ವಕೀಲಿಕೆ ಮಾಡಿದಳು. ಆಮೇಲೆ ಹನ್ನೊಂದು ವರ್ಷ ಸರ್ಕಾರಿ ವಕೀಲೆಯಾಗಿದ್ದಳು. ಹೋದ ವರ್ಷ ರಾಜೀನಾಮೆ ಕೊಟ್ಟು ಮತ್ತೆ ಹೊರಗೆ ಬಂದಳು. ಯಾಕೆ ಎಂದು ಎಲ್ಲರೂ ಕೇಳಿದರು. "ಒಂದೇ ಕಡೆಯಿಂದ ನೋಡಿ ನೋಡಿ ಕತ್ತು ಹಿಡ್ಕೊಂಡಿತ್ತು," ಎಂದಷ್ಟೇ ಹೇಳಿದಳು. ಬೋರ್ಡು ಬರೆಯುವವನು, "ಮಾಜಿ ಸರ್ಕಾರಿ ವಕೀಲರು ಅಂತ ಹಾಕ್ಲಾ ಮೇಡಂ? ತೂಕ ಬರುತ್ತೆ," ಎಂದ. "ತೂಕ ನಾನು ತರ್ತೀನಿ. ನೀನು ವಕೀಲರು ಅಂತ ಬರಿ ಸಾಕು."

ಮೊದಲು ಬಂದ ಕಕ್ಷಿದಾರ ಶಾಲಾ ವ್ಯಾನಿನ ಚಾಲಕ. ಮಕ್ಕಳನ್ನು ಇಳಿಸಿ ಬರುವಾಗ ಇಳಿಜಾರಿನಲ್ಲಿ ಅವನ ವ್ಯಾನು ಒಬ್ಬ ಅಜ್ಜನಿಗೆ ತಗುಲಿ ಕಾಲು ಮುರಿದಿತ್ತು. ಬ್ರೇಕೇ ಹಿಡಿಯಲಿಲ್ಲ, ಸರಿಯಿಲ್ಲ ಅಂತ ಮಾಲೀಕರಿಗೆ ಮೊದಲೇ ಹೇಳಿದ್ದೆ ಎಂದು ಅವನು ಹೇಳಿದ್ದನ್ನು ಯಾರೂ ನಂಬಿರಲಿಲ್ಲ. ಶಿಕ್ಷೆಯಾದರೆ ಲೈಸೆನ್ಸೂ ಹೋಗುತ್ತದೆ, ಕೆಲಸವೂ ಹೋಗುತ್ತದೆ. ಅವನಿಗಿಂತ ಅವನ ಹೆಂಡತಿ ಜೋರು. ಫೈಲನ್ನು ಎದೆಗವಚಿಕೊಂಡು ಬಂದವಳು ಅವಳೇ.

ವಿಚಾರಣೆಯ ದಿನ ಕೇಸು ಕೂಗಿದರು. ನ್ಯಾಯಾಧೀಶರು ತಲೆ ಎತ್ತದೆಯೇ, "ಸರ್ಕಾರದ ಪರ ಯಾರು?" ಎಂದರು.

ಚಿಕ್ಕಮ್ಮ ಎದ್ದು ನಿಂತಳು. "ಸರ್ಕಾರದ ಪರ ಸಿದ್ಧ, ಸ್ವಾಮಿ."

ಎದುರಿನ ಮೇಜಿನಲ್ಲಿ, ಅವಳೇ ಕೂರುತ್ತಿದ್ದ ಕುರ್ಚಿಯಲ್ಲಿ, ಅವಳ ಕೈಕೆಳಗೆ ಕಲಿತ ಹುಡುಗ ಈಗ ಸರ್ಕಾರಿ ವಕೀಲ. "ಹಾಗಾದ್ರೆ ನಾನು ಆರೋಪಿ ಪರ ನಿಲ್ಲಲಾ ಮೇಡಂ?" ಎಂದ. ಕೋರ್ಟೆಲ್ಲ ನಕ್ಕಿತು, ನ್ಯಾಯಾಧೀಶರೂ ನಕ್ಕರು. ವ್ಯಾನು ಪರೀಕ್ಷಿಸಿದ ಅಧಿಕಾರಿಯ ಸಾಕ್ಷ್ಯ ಊಟದ ನಂತರ ಎಂದಾಯಿತು.

ಚಾಲಕನ ಹೆಂಡತಿ ಮಾತ್ರ ನಕ್ಕಿರಲಿಲ್ಲ. ವರಾಂಡದಲ್ಲಿ ಅಡ್ಡ ನಿಂತಳು. "ಲಾಯರಮ್ಮ, ನೀವು ಯಾರ ಕಡೆ? ನಮ್ಮ ಫೈಲು ಕೊಡಿ."

ಚಿಕ್ಕಮ್ಮ ಬೆಪ್ಪಾಗಲಿಲ್ಲ. "ತಪ್ಪು ನನ್ನದೇ ಕಣಮ್ಮ. ನಾಲಿಗೆಗೆ ಹನ್ನೊಂದು ವರ್ಷದ ಅಭ್ಯಾಸ. ತಲೆ ನಿನ್ನ ಗಂಡನ ಕಡೆನೇ ಇದೆ. ಮಧ್ಯಾಹ್ನದ ಸಾಕ್ಷಿ ಮುಗಿಯೋ ತನಕ ನೋಡು. ಆಮೇಲೂ ಬೇಡ ಅನಿಸಿದ್ರೆ ತಗೊಂಡು ಹೋಗು."

"ಸಂಜೆ ತನಕ ಅಲ್ಲ. ಮಧ್ಯಾಹ್ನ ಅಷ್ಟೇ," ಎಂದು ಅವಳು ಬೆಂಚಿನಲ್ಲಿ ಕೂತಳು.

ಚಿಕ್ಕಮ್ಮ ಊಟಕ್ಕೆ ಹೋಗದೆ ಕಾಗದಗಳನ್ನು ಮತ್ತೊಮ್ಮೆ ಹರಡಿಕೊಂಡಳು. ಆರೋಪಿಗೆ ಕೊಟ್ಟಿದ್ದ ಪರೀಕ್ಷಾ ವರದಿಯ ನಕಲು ಒಂದೇ ಪುಟ. ಅದರಲ್ಲಿ ದೀಪ, ಗಾಜು, ಟೈರು ಎಲ್ಲ ಇತ್ತು. ಅಧಿಕಾರಿಯ ಸಹಿ ಇರಲಿಲ್ಲ. ಹೊರಗಿನ ವಕೀಲರಿಗೆ ಅದು ದೊಡ್ಡದಾಗಿ ಕಾಣುತ್ತಿರಲಿಲ್ಲವೇನೋ. ಚಿಕ್ಕಮ್ಮ ಅಂಥ ನೂರಾರು ವರದಿಗಳನ್ನು ಸರ್ಕಾರದ ಪರವಾಗಿ ಹಾಜರುಪಡಿಸಿದವಳು. ಸಹಿ ಬೀಳುವುದು ಹಿಂಬದಿಯಲ್ಲಿ. ಬ್ರೇಕಿನ ಅಂಕಣ ಇರುವುದೂ ಅಲ್ಲೇ. ಯಾರೋ ಒಂದು ಮಗ್ಗುಲನ್ನಷ್ಟೇ ನಕಲು ತೆಗೆದಿದ್ದರು.

ಮಧ್ಯಾಹ್ನ ಅವಳು ಕೋರ್ಟಿನ ಕಡತದಲ್ಲಿದ್ದ ಮೂಲ ವರದಿಯನ್ನೇ ಸಾಕ್ಷಿಗೆ ತೋರಿಸಲು ಅನುಮತಿ ಕೇಳಿದಳು.

"ಇದು ನಿಮ್ಮದೇ ಬರಹ ತಾನೆ?"

"ಹೌದು ಮೇಡಂ."

"ತಿರುಗಿಸಿ. ಬ್ರೇಕಿನ ಮುಂದೆ ಏನಿದೆ, ಗಟ್ಟಿಯಾಗಿ ಓದಿ."

ಅಧಿಕಾರಿ ಕನ್ನಡಕ ಸರಿಮಾಡಿಕೊಂಡ. "ಬ್ರೇಕ್ ಪೈಪು ಒಡೆದಿದೆ. ಬಿರುಕು ಹಳೆಯದು. ಅಪಘಾತದಿಂದ ಆದದ್ದಲ್ಲ."

ಎದುರಿನ ಮೇಜಿನ ಹುಡುಗ ಬಗ್ಗಿ ಮೆಲ್ಲಗೆ, "ನಾನು ಇದನ್ನ ನೋಡೇ ಇರಲಿಲ್ಲ ಮೇಡಂ," ಎಂದ. ಅವಳೂ ಅಷ್ಟೇ ಮೆಲ್ಲಗೆ, "ಆ ಕುರ್ಚಿಲಿ ಕೂತಾಗ ಗೆಲ್ಲೋದು ಮುಖ್ಯ ಅಲ್ಲ ಕಣಪ್ಪ, ಎಲ್ಲ ಕಾಗದ ಮುಂದಿಡೋದು ಮುಖ್ಯ," ಎಂದಳು.

ಅವತ್ತು ಫೈಲನ್ನು ಯಾರೂ ವಾಪಸ್ ಕೇಳಲಿಲ್ಲ. ತಿಂಗಳೊಳಗೆ ತೀರ್ಪು ಬಂತು. ಚಾಲಕ ಬಿಡುಗಡೆಯಾದ. ವರಾಂಡದಲ್ಲಿ ಅವನು ಕೈಮುಗಿದ, ಮಾತು ಹೆಂಡತಿಯದೇ.

"ಲಾಯರಮ್ಮ, ಸರ್ಕಾರದವರು ಮತ್ತೆ ಕರೆದ್ರೆ ಹೋಗ್ಬಿಡ್ತೀರಾ?"

"ಕರೆದ್ರೆ ಹೋಗ್ತೀನಿ. ಯಾಕೆ ಹೋಗಬಾರದು? ಅಲ್ಲಿ ಕೆಲಸ ಕಲಿತೆ, ಇಲ್ಲಿ ಉಪಯೋಗಕ್ಕೆ ಬಂತು. ಇಲ್ಲಿ ಕಲಿತದ್ದು ಅಲ್ಲಿಗೂ ಬೇಕಾಗುತ್ತೆ."

ಒಳಗಿನಿಂದ ಜವಾನ ಮುಂದಿನ ಕೇಸು ಕೂಗಿದ. ಚಿಕ್ಕಮ್ಮ ಕರಿಕೋಟು ಎಳೆದುಕೊಳ್ಳುತ್ತಾ ಹೊರಟಳು. "ನೀವು ಗೆದ್ರಿ ಅಂತ ಆ ಅಜ್ಜನ ಕಾಲೇನೂ ಕೂಡ್ಕೊಳ್ಳಲಿಲ್ಲ. ಅದಕ್ಕೆ ಉತ್ತರ ಹೇಳಬೇಕಾದವರು ವ್ಯಾನಿನ ಮಾಲೀಕರು. ನಾಳೆ ನೀವಿಬ್ಬರೂ ಆ ಅಜ್ಜನ ಮಗಳ ಹತ್ತಿರ ಹೋಗಿ, ಬ್ರೇಕಿನ ವಿಷಯ ಮಾಲೀಕರಿಗೆ ಯಾವಾಗ ಹೇಳಿದ್ರಿ, ಯಾರ ಎದುರಿಗೆ ಹೇಳಿದ್ರಿ, ಎಲ್ಲಾನೂ ಒಂದೊಂದಾಗಿ ಹೇಳಿ ಬನ್ನಿ. ಪರಿಹಾರ ಕೇಳೋಕೆ ಅವರಿಗೆ ಅದು ಬೇಕಾಗುತ್ತೆ."