ಸ್ಟಿಯರಿಂಗ್ ಬಿಟ್ಟು ದಾದಿಯಾಗಲು ಹೊರಟ ಲೊರೇನ್

ಬೆಳಗಿನ ಆರೂಮುಕ್ಕಾಲು. ಹ್ಯಾಲಿಫ್ಯಾಕ್ಸಿನ ಏರು ಬೀದಿಯೊಂದರ ಆರೈಕೆ ಮನೆಯಲ್ಲಿ ಲೊರೇನ್ ಆಕ್ರಾಯ್ಡ್ ಎರಡು ಅಂಗಿ ಹಿಡಿದು ನಿಂತಿದ್ದಾರೆ. ಎದುರಿಗೆ ಮಂಚದ ಮೇಲೆ ಐವತ್ತೆರಡರ ಡೆಸ್ಮಂಡ್. ಅವರಿಗೆ ಮಾತು ಬಾರದು. ನೋಡುತ್ತಾರೆ, ಮುಖ ತಿರುಗಿಸುತ್ತಾರೆ, ಮತ್ತೆ ನೋಡುತ್ತಾರೆ. ನಾಲ್ಕು ನಿಮಿಷವಾದ ಮೇಲೆ ಚೌಕಳಿ ಅಂಗಿಯ ತೋಳು ಎಳೆಯುತ್ತಾರೆ.

"ಭಲೇ ಡೆಸ್! ಮದುಮಗ ಇದ್ದಂಗಿದೀಯ ನೋಡು."

ನಲವತ್ತೇಳರ ಲೊರೇನ್ ಬೌದ್ಧಿಕ ನ್ಯೂನತೆ ಇರುವವರ ಶುಶ್ರೂಷೆ ಕಲಿಯುತ್ತಿರುವ ಮೂರನೇ ವರ್ಷದ ವಿದ್ಯಾರ್ಥಿನಿ. ಅದಕ್ಕೂ ಮೊದಲು ಹತ್ತೊಂಬತ್ತು ವರ್ಷ ಊರಿನ ಬಸ್ಸು ಓಡಿಸಿದವರು. "ಇವರಂಥೋರು ಹತ್ತಿದ್ರೆ ಕೆಲವ್ರು ಎದ್ದು ಬೇರೆ ಸೀಟಿಗೆ ಹೋಗೋರು. ಕನ್ನಡೀಲಿ ಕಾಣ್ತಿತ್ತು, ಹೊಟ್ಟೆ ಉರೀತಿತ್ತು" ಎನ್ನುತ್ತಾರೆ. ಹದಿನಾರಕ್ಕೇ ಓದು ಬಿಟ್ಟಿದ್ದವರು ಮಗಳ ವಯಸ್ಸಿನವರ ಪಕ್ಕ ಕೂತು ಬರೆದ ಮೊದಲ ಪ್ರಬಂಧದಲ್ಲೇ ಫೇಲು. ಎರಡನೇ ಸಲ ಬರೆದು ಪಾಸಾದರು. ಪ್ರಾಯೋಗಿಕ ತರಬೇತಿ ಎರಡು ಸಾವಿರದ ಮುನ್ನೂರು ಗಂಟೆ. ಇನ್ನು ಮುನ್ನೂರು ಚಿಲ್ಲರೆ ಬಾಕಿ.

ಫೆಬ್ರವರಿಯಲ್ಲಿ ಡೆಸ್ಮಂಡ್ ತಮ್ಮ ದವಡೆಗೆ ತಾವೇ ಗುದ್ದಿಕೊಳ್ಳತೊಡಗಿದರು. ತಟ್ಟೆ ತಳ್ಳಿದರು. ಅವರ ಸ್ವಭಾವವೇ ಹಾಗೆ ಎಂದ ವೈದ್ಯರು ಶಾಂತವಾಗಿರಿಸುವ ಗುಳಿಗೆ ಹೆಚ್ಚಿಸಲು ಹೊರಟಿದ್ದರು. ಲೊರೇನ್‌ಗೆ ಒಪ್ಪಿಗೆಯಾಗಲಿಲ್ಲ, ಎಲ್ಲೋ ನೋವಿರಬೇಕು ಅನ್ನಿಸಿತು.

ಅವರಿಗೆ ಕೆಲಸ ಕಲಿಸುವ ಹಿರಿಯ ದಾದಿ ಇಫೆಯೋಮಾ ಹೇಳಿದ್ದು ಇಷ್ಟೇ: "ನಂಗೆ ಹಂಗನ್ಸುತ್ತೆ ಅಂದ್ರೆ ಯಾರೂ ಕೇಳಲ್ಲ ಡ್ರೈವರಮ್ಮ. ಬರೆದು ತೋರ್ಸು."

ಲೊರೇನ್ ಮೂರು ದಿನ ಬಿಡದೆ ಬರೆದರು. ಗುದ್ದಿಕೊಳ್ಳುವುದು ಬಿಸಿ ಚಹಾ ಕುಡಿದ ಮೇಲೆ. ಅಗಿಯುವುದು ಬಲಗಡೆ ಮಾತ್ರ. ಆ ಹಾಳೆ ಹಿಡಿದು ಇಫೆಯೋಮಾ ಅಂದೇ ದಂತವೈದ್ಯರಿಗೆ ಫೋನು ಮಾಡಿದರು. ಹೊಸ ಜಾಗವೆಂದರೆ ಡೆಸ್ಮಂಡ್‌ಗೆ ಪ್ರಾಣಭಯ. ಲೊರೇನ್ ಆ ಕ್ಲಿನಿಕ್ಕಿನ ಬಾಗಿಲು, ಕುರ್ಚಿ, ದೀಪದ ಫೋಟೊ ತಂದು ತೋರಿಸಿದರು. ಹಲ್ಲು ನೋಡುವ ಕನ್ನಡಿಯ ಬದಲು ಚಮಚ ಹಿಡಿದು ತಾವೇ ಬಾಯಿ ತೆರೆದು ಕೂತು ತೋರಿಸಿದರು. ಮರುದಿನ ಡೆಸ್ಮಂಡ್ ತಾವಾಗಿ ಕುರ್ಚಿ ಏರಿದರು. ಎಡ ದವಡೆಯ ಹಲ್ಲಿನ ಬುಡದಲ್ಲಿ ಕೀವು ತುಂಬಿತ್ತು.

"ಹಲ್ಲು ಕಿತ್ತ ಎರಡು ದಿನಕ್ಕೆ ನನ್ ಕೈ ಹಿಡ್ಕೊಂಡು ಕೆನ್ನೆ ಮೇಲಿಟ್ಕೊಂಡ. ನಾನು ಅತ್ತುಬಿಟ್ಟೆ" ಎನ್ನುತ್ತಾರೆ ಲೊರೇನ್. "ಇಫೆಯೋಮಾ ನನ್ನ ನಂಬಿದ್ರು. ಆ ಋಣ ತೀರಿಸೋಕಾಗಲ್ಲ. ಡೆಸ್‌ದಂತೂ ಇನ್ನೂ ದೊಡ್ಡದು. ನೋಡೋದು ಹೇಗೆ ಅಂತ ಕಲಿಸಿದ್ದು ಅವ್ನು."

ವಿದ್ಯಾರ್ಥಿಯ ಬಗ್ಗೆ ಆರೈಕೆ ಪಡೆದವರ ಅಭಿಪ್ರಾಯ ಕೇಳುವ ಪುಟವೊಂದು ತರಬೇತಿ ಪುಸ್ತಕದಲ್ಲಿದೆ. ಮಾತು ಬಾರದವರಿಗಾಗಿ ಮೂರು ಮುಖಗಳ ಚಿತ್ರ. ಡೆಸ್ಮಂಡ್ ಊಟದ ಮಧ್ಯೆಯೇ ನಗುಮುಖದ ಮೇಲೆ ಹೆಬ್ಬೆರಳು ಒತ್ತಿದ್ದಾರೆ. ಹಳದಿ ಕಸ್ಟರ್ಡಿನ ಗುರುತು ಹಾಗೇ ಒಣಗಿದೆ.

"ಕಾಲೇಜಿನವ್ರು ಪುಟ ಗಲೀಜಾಗಿದೆ, ಬೇರೆ ತುಂಬಿಸ್ಕೊಂಡು ಬಾ ಅಂದ್ರು" ಎಂದು ಲೊರೇನ್ ಪುಸ್ತಕ ಮುಚ್ಚುತ್ತಾರೆ. "ಆಗಲ್ಲ, ಅದು ಅವನ ಸಹಿ ಅಂದೆ."