ಸ್ವಾಗತಕ್ಕೆ ತಂದ ಎರಡು ಸರ ಪಟಾಕಿ

ಅಂತರ್ಯುದ್ಧ ಮುಗಿದು ಇನ್ನೂ ಸುಧಾರಿಸಿಕೊಳ್ಳುತ್ತಿದ್ದ ಒಂದು ದೇಶದಲ್ಲಿ ನಾನು ಒಂದು ವರ್ಷ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ತರಬೇತಿ ಕೊಡುತ್ತಿದ್ದೆ. ಒಂದು ಬೆಳಿಗ್ಗೆ ಶಾಲೆಯೊಂದರಲ್ಲಿ ಮಕ್ಕಳ ಪಾಠದ ನಡುವೆಯೇ ಬೀದಿಯಲ್ಲಿ ಗುಂಡು ಹಾರಿತು. ಅಲ್ಲಿಯ ಶಿಕ್ಷಣಾಧಿಕಾರಿ ಮೇಡಮ್ಮೂ ನಾನೂ ಒಂದೇ ಬೆಂಚಿನ ಕೆಳಗೆ ಮಲಗಿದೆವು. ಕಿಟಕಿಯ ಗಾಜು ನನ್ನ ಬೆನ್ನ ಮೇಲೆ ಸುರಿಯಿತು. ಯಾರೂ ಸಾಯಲಿಲ್ಲ. ಆದರೆ ಮನೆಗೆ ಓಡಿದ ಮಕ್ಕಳು ಮತ್ತೆ ಶಾಲೆಗೆ ಬರಲೇ ಇಲ್ಲ. ನಮ್ಮೂರು ಮದಕರಿಪುರಕ್ಕೆ ಹಿಂತಿರುಗಿದ ಮೇಲೂ, ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೆ ನನ್ನ ಮೈ ಮೊದಲು ನೆಲ ಹುಡುಕುತ್ತದೆ.

ಅದೇ ಮೇಡಂ ಕಳೆದ ವರ್ಷ ನಮ್ಮ ನಲಿ-ಕಲಿ ನೋಡಲು ಚಿತ್ರದುರ್ಗಕ್ಕೆ ಬಂದರು. ಚಿಕ್ಕ ತರಗತಿಯ ಮಕ್ಕಳೆಲ್ಲ ಒಟ್ಟಿಗೆ ನೆಲದ ಮೇಲೆ ಗುಂಪಾಗಿ ಕೂತು, ಕಾರ್ಡು ಹಿಡಿದು, ಅವರವರ ವೇಗದಲ್ಲಿ ಕಲಿಯುವ ಕ್ರಮ ಅದು. ಹೊಸದುರ್ಗದ ಕಡೆಯ ಒಂದು ಶಾಲೆಗೆ ಹೋಗುವ ದಾರಿಯಲ್ಲಿ ಅವರು ಇಂಗ್ಲಿಷಿನಲ್ಲಿ ಹೇಳಿದರು: "ಇವತ್ತು ನಂಬಿಕೆ ಬಂದರೆ ಇದನ್ನು ನಮ್ಮ ಶಾಲೆಗಳಿಗೆ ಒಯ್ಯುತ್ತೇನೆ. ಬರದಿದ್ದರೆ ಅಲ್ಲಿ ಬೆತ್ತವೇ ಗತಿ."

ನಮ್ಮ ಕಡೆ ಅತಿಥಿಗಳು ಬಂದರೆ ಪಟಾಕಿ ಹೊಡೆಯಬೇಕು. ಬೇಡವೆಂದು ನಾನು ಆ ಶಾಲೆಯ ಅಭಿವೃದ್ಧಿ ಸಮಿತಿಯ ಅಧ್ಯಕ್ಷರಿಗೆ ಫೋನಿನಲ್ಲಿ ಎರಡು ಸಲ ಹೇಳಿದ್ದೆ. ಅವರು ಅದನ್ನು ಸಂಕೋಚವೆಂದು ತಿಳಿದು, ಒಂದು ಸರದ ಜಾಗದಲ್ಲಿ ಎರಡು ಸರ ತರಿಸಿದ್ದರು.

ನಾವು ತರಗತಿಯೊಳಗೆ ಕಾಲಿಟ್ಟೆವು. ಹೊರಗೆ ಮೊದಲ ಸರ ಹತ್ತಿಕೊಂಡಿತು. ನನಗೆ ತಿಳಿಯುವಷ್ಟರಲ್ಲಿ ಮೇಡಮ್ಮೂ ನಾನೂ ಸಮಾರಂಭದ ದೊಡ್ಡ ಮೇಜಿನ ಕೆಳಗಿದ್ದೆವು. ಬೆನ್ನ ಮೇಲೆ ಗಾಜಿಲ್ಲ ಎಂದು ಕೈಯಿಂದ ಸವರಿ ನೋಡಿಕೊಂಡೆ. ಮಕ್ಕಳು ಇದೂ ಒಂದು ಚಟುವಟಿಕೆ ಅಂದುಕೊಂಡು ಸಾಲಾಗಿ ಬೋರಲು ಮಲಗಿದರು.

ಹಾರ ಹಿಡಿದ ಮುಖ್ಯೋಪಾಧ್ಯಾಯರು ಬಗ್ಗಿ ನೋಡಿದರು. "ಹೊರಗ್ ಬರ್ರಿ ಸಾರ್. ಏನಾರ ಬಿದ್ದೋಯ್ತಾ?"

"ಪಟಾಕಿ ನಿಲ್ಸಕ್ಕೆ ಹೇಳ್ರಿ!"

"ಇದ್ ಮುಗೀತು. ಇನ್ನೊಂದ್ ಸರ ಐತೆ."

ಅಧ್ಯಕ್ಷರೂ ಬಗ್ಗಿದರು, ಕೈಯಲ್ಲಿ ಬೆಂಕಿಪೊಟ್ಟಣ. "ಅರ್ಧಕ್ಕೆ ನಿಲ್ಸಿದ್ರೆ ಮೇಡಂಗೆ ಅವಮಾನ ಮಾಡ್ದಂಗೆ ಆಗ್ತೈತೆ ಕಣ್ರಿ."

"ಅವರ ಊರಾಗೆ ಈ ಸದ್ದಿಗೆ ಜನ ಸಾಯ್ತಾರೆ!"

ಅಧ್ಯಕ್ಷರು ಬೆಂಕಿಪೊಟ್ಟಣವನ್ನು ನೋಡಿ, ಮೆಲ್ಲಗೆ ಜೇಬಿಗಿಳಿಸಿ, ಮೇಜಿನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು. "ಮೊದ್ಲೇ ಹೇಳ್‌ಬಾರ್ದಾ?" ಅಂದರು.

ಮೇಡಂ ಮೇಜಿನ ಕಾಲನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಎಲ್ಲ ಮುಗಿಯಿತೆಂದು ನಾನು ಆಸೆ ಬಿಟ್ಟೆ. ಆಗ ನಲಿ-ಕಲಿ ಟೀಚರ್, ಹೇಗೂ ಎಲ್ಲರೂ ನೆಲದ ಮೇಲೇ ಇದ್ದಾರಲ್ಲ ಎಂಬಂತೆ, ಕಾರ್ಡಿನ ಬುಟ್ಟಿ ಎಳೆದುಕೊಂಡು ಮೇಜಿನ ಬಾಯಿಗೆ ಬಂದು ಕೂತರು. "ಇವತ್ತು ಮೊದ್ಲನೇ ಗುಂಪು ಇಲ್ಲೇ ಕುಂತ್ಕಳ್ರಿ." ಮಕ್ಕಳು ತೆವಳಿ ಬಂದರು. ಒಬ್ಬಳು ಮೇಡಂ ಮೊಣಕಾಲ ಮೇಲೆ 'ಬಸವ' ಕಾರ್ಡು ಇಟ್ಟು ಓದಿದಳು. ಮುಂದಿನ ಕಾರ್ಡನ್ನು ಮೇಡಂ ತಾವೇ ಎತ್ತಿ ಕೊಟ್ಟರು. ಇನ್ನೊಂದು ಕೈ ಮೇಜಿನ ಕಾಲನ್ನು ಬಿಟ್ಟಿರಲಿಲ್ಲ.

ಗುಂಪಿನ ಓದು ಮುಗಿದ ಮೇಲೆ ಮೇಡಂ ನನ್ನ ಮೂಲಕ ಟೀಚರ್‌ಗೆ ಒಂದೇ ಪ್ರಶ್ನೆ ಕೇಳಿಸಿದರು: ಇಷ್ಟು ಸದ್ದಾಯಿತಲ್ಲ, ಈ ಮಕ್ಕಳು ನಾಳೆ ಬರುತ್ತಾರೆಯೇ?

ಟೀಚರ್‌ಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಬರ್ದೆ ಎಲ್ಲಿಗ್ ಹೋಗ್ತಾರ್ರಿ? ನಾಳೆ ಬಿಸಿಯೂಟಕ್ಕೆ ಮೊಟ್ಟೆ ಐತೆ."

ಅನುವಾದಿಸಿದೆ. ಮೇಡಂ ಬಹಳ ಗಂಭೀರವಾಗಿ ತಲೆಯಾಡಿಸಿದರು. "ಹಾಗಾದರೆ ಮೊದಲು ಮೊಟ್ಟೆ ಶುರುಮಾಡುತ್ತೇನೆ. ಆಮೇಲೆ ಕಾರ್ಡು. ಎರಡನ್ನೂ ಒಯ್ಯುತ್ತೇನೆ."

ಅವರು ಹೊರಗೆ ಹೋಗಿ ಹಾರ ಹಾಕಿಸಿಕೊಂಡರು. ನಾನು ಇನ್ನೂ ಒಳಗಿದ್ದೆ. ಅಧ್ಯಕ್ಷರು ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ನನ್ನ ಕೈಗಿಟ್ಟು, "ನೀವೇ ಇಟ್ಕಳ್ರಿ. ಈಗ ಬರ್ರಿ, ಉಪ್ಪಿಟ್ಟು ತಣ್ಣಗಾಗ್ತೈತೆ" ಅಂದರು.