ದೊಡ್ಡಪ್ಪನ ಎಪ್ಪತ್ತೈದು ಮತ್ತು ಆಳಂದದ ಬ್ಯಾಂಡು

ಮೊನ್ನೆ ಸಂಜೆ ನಮ್ಮ ಓಣಿಯಲ್ಲಿ ಬ್ಯಾಂಡಿನ ಸದ್ದು ಕೇಳಿತು. ಚಹದ ಕಪ್ಪು ಹಿಡಿದುಕೊಂಡೇ ಕಿಟಕಿಗೆ ಹೋದೆ. ನಿಮಗೆ ನಗು ಬರಬಹುದು, ಬ್ಯಾಂಡು ಕೇಳಿದರೆ ನಾನು ಮೊದಲು ನೋಡುವುದು ಮೆರವಣಿಗೆಯಲ್ಲಿ ಕುಳಿತವರು ಕಣ್ಣು ಮಿಟುಕಿಸುತ್ತಾರೋ ಇಲ್ಲವೋ ಎಂದು. ಮೊನ್ನೆಯದು ಮದುವೆ. ಕುದುರೆಯ ಮೇಲೆ ಕೂತ ವರ ಮೊಬೈಲು ತಿಕ್ಕುತ್ತಿದ್ದ. ಸಮಾಧಾನದಿಂದ ಚಹಾ ಮುಗಿಸಿದೆ.

ಈ ಚಟ ಅಂಟಿದ್ದು ನಮ್ಮೂರು ಮಟಕಿಯಲ್ಲಿ, ನಮ್ಮ ದೊಡ್ಡಪ್ಪನ ಎಪ್ಪತ್ತೈದನೆಯ ಹುಟ್ಟುಹಬ್ಬದ ದಿನ. ಎಂಬತ್ತೈದನೆಯ ಇಸವಿ ಇರಬೇಕು. ಎಂಬತ್ತಾರು ಎಂದು ಯಾರಾದರೂ ಹಟ ಹಿಡಿದರೆ ಜಗಳವಾಡಲಾರೆ. ನಾನಾಗ ಗುಲ್ಬರ್ಗದಲ್ಲಿ ಎಂ.ಎ. ಓದುತ್ತಿದ್ದೆ. ಪ್ರಾಧ್ಯಾಪಕರೊಬ್ಬರ ಮನೆಯಲ್ಲಿ ಇಂಥದೊಂದು ಸಮಾರಂಭ ನೋಡಿ ಬಂದವನಿಗೆ, ನಮ್ಮ ಮನೆಯಲ್ಲೂ ಆಗಬೇಕೆಂಬ ಹುಕಿ. ಆದರೆ ದೊಡ್ಡಪ್ಪನಿಗೆ ಹುಟ್ಟಿದ ದಿನವೇ ಗೊತ್ತಿರಲಿಲ್ಲ. ‘ಜ್ವಾಳ ಹಾಲುಗಾಳ ಆದಾಗ ಹುಟ್ಟೀದಿ ಅಂತ ನಮ್ಮವ್ವ ಅಂತಿದ್ಲು’ ಎಂದ. ಯಾವ ವರ್ಷದ ಜೋಳ ಎಂದು ಕೇಳಿದೆ. ‘ಜ್ವಾಳಕ್ಕ ವರ್ಷ ಇರ್ತದೇನಲೇ?’ ಎಂದು ನನ್ನನ್ನೇ ಕೇಳಿದ. ಯಾವುದಕ್ಕೂ ಪುರಾವೆ ಬೇಕೆನ್ನುವ ನಾನು, ಎಪ್ಪತ್ತೈದೆಂದು ಅಂದಾಜು ಕಟ್ಟಿ, ಆ ಹಬ್ಬದ ತಾರೀಖನ್ನು ನನ್ನ ರಜೆ ನೋಡಿ ಗೊತ್ತುಮಾಡಿದೆ.

ಊರಿಗೆಲ್ಲ ಕರೆ ಹೋಯಿತು, ಒಂದು ಮನೆಯ ಹೊರತು. ಅದು ದೊಡ್ಡಪ್ಪನ ಕಿರಿಯ ತಮ್ಮ, ನಮ್ಮ ಕಾಕಾನ ಮನೆ. ಊರಬಾಗಿಲು ಅಗಸಿಯ ಹತ್ತಿರವೇ ಇತ್ತು. ಇಬ್ಬರೂ ಕೂಡಿ ಸಾಕಿದ ಜೋಡಿ ಎತ್ತಿನಲ್ಲಿ ಒಂದನ್ನು ದೊಡ್ಡಪ್ಪ ತಮ್ಮನನ್ನು ಕೇಳದೆ ಮಾರಿದ್ದ. ಅಂದಿನಿಂದ ಒಂಬತ್ತು ವರ್ಷ ಮಾತಿಲ್ಲ. ಕರೆಯಲೇ ಎಂದು ದೊಡ್ಡಪ್ಪನನ್ನು ಕೇಳಿದೆ. ‘ಬ್ಯಾಡ. ಕರದ್ಮ್ಯಾಲ ಅಂವ ಬರಲಿಲ್ಲಂದ್ರ ಊರ ಮುಂದ ನನ್ನ ಮಾರಿ ಉಳಿತದೇನು?’ ಎಂದ. ಹಿಂದೆಯೇ, ‘ಅಂವ ಊರಾಗೇ ಇದ್ದಾನಿಲ್ಲೋ?’ ಎಂದೂ ಕೇಳಿದ.

ಬ್ಯಾಂಡು ಗೊತ್ತುಮಾಡಲು ಆಳಂದಕ್ಕೆ ಹೋದವನೂ ನಾನೇ. ಮಸ್ತಾನ್ ಸಾಬರ ಬ್ಯಾಂಡು ಎಂದರೆ ಏಳು ಜನ, ಕೆಂಪು ಕೋಟು, ಸಿನಿಮಾ ಹಾಡುಗಳು. ಟಾಕೀಸಿನಲ್ಲಿ ಎರಡು ಸಲ ಕೇಳಿದರೆ ಸಾಕು, ಮೂರನೆಯ ದಿನ ಆ ಹಾಡು ಬ್ಯಾಂಡ್ ಮಾಸ್ತರರಾದ ಸಾಬರ ಕ್ಲಾರಿನೆಟ್ಟಿನಲ್ಲಿ ಇರುತ್ತಿತ್ತು.

‘ನಮ್ಮ ಕಡಿ ಎರಡೇ ನಮೂನಿ ಅದಾವ್ರಿ’ ಎಂದರು ಮಾಸ್ತರರು. ‘ಮದುವಿ ಹಾಡು, ಮಣ್ಣಿನ ಹಾಡು. ಹುಟ್ಟಿದ ಹಬ್ಬಕ್ಕ ಇನ್ನಾ ಯಾರೂ ಕರದಿಲ್ಲ.’

‘ಮದುವಿ ಹಾಡು ಬ್ಯಾಡ್ರಿ ಮಾಸ್ತರ. ಎಪ್ಪತ್ತೈದು ವರ್ಷದ ಮನಷ್ಯಾ. ಗಂಭೀರ ಇರ್ಲಿ, ನಿಧಾನ ಇರ್ಲಿ.’

‘ನಿಧಾನ ಅಂದ್ರ…’ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ಆಯ್ತು ಬಿಡ್ರಿ. ನೀವು ಓದಿದವ್ರು.’

ಇಲ್ಲೊಂದು ಮಾತು ಹೇಳಬೇಕು. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಕೂರಿಸಿ, ವಿಭೂತಿ ಹಚ್ಚಿ, ಹೂಮಾಲೆ ಹಾಕಿ, ಬಾಜಾ ಬಾರಿಸುತ್ತ ಮಣ್ಣಿಗೆ, ಅಂದರೆ ಹೂಳಲು, ಒಯ್ಯುತ್ತೇವೆ. ಹುಟ್ಟಿದಾಗಿನಿಂದ ನೋಡಿದ್ದೇ. ಆದರೂ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕುರ್ಚಿ ಇಟ್ಟು, ನಾಲ್ಕು ಮೂಲೆಗೆ ಬಾಳೆಗಿಡ ಕಟ್ಟಿ, ಹಣೆ ತುಂಬ ವಿಭೂತಿ ಧರಿಸಿದ ದೊಡ್ಡಪ್ಪನ ಕೊರಳಿಗೆ ಮಣಭಾರದ ಮಾಲೆ ಹಾಕಿ ಕೂರಿಸುವಾಗ ನನಗೇನೂ ಹೊಳೆಯಲಿಲ್ಲ. ‘ಮಂದಿ ನೋಡಾಕತ್ತಾರ, ನಾಚಿಕಿ ಬರ್ತದ’ ಎಂದು ದೊಡ್ಡಪ್ಪ ಕಣ್ಣು ಮುಚ್ಚಿಕೊಂಡ. ಟ್ರೇಲರಿನ ಹಿಂದೆ ನಿಂತ ಮಾಸ್ತರರು ಗಂಭೀರವಾದದ್ದೊಂದನ್ನು, ನಿಧಾನವಾದದ್ದೊಂದನ್ನು ಎತ್ತಿಕೊಂಡರು.

ಮುಂಜಾನೆ ಹತ್ತರ ಸುಮಾರಿಗೆ ಟ್ರ್ಯಾಕ್ಟರು ಅಗಸಿಗೆ ಬಂತು. ಬಾವಿಯ ಹತ್ತಿರ ಮುದುಕಿಯೊಬ್ಬಳು ಕೊಡ ಇಳಿಸಿ ಕೈಮುಗಿದಳು. ಆಗ ನನ್ನ ತಲೆಗೆ ಬಂತು. ಹಾಡು ಬದಲಿಸಿರೆಂದು ಹೇಳಲು ನಾನು ಬ್ಯಾಂಡಿನ ನಡುವೆ ನುಗ್ಗುವಷ್ಟರಲ್ಲಿ ಟ್ರೇಲರಿನ ಕಡೆಯಿಂದ ಅಳುದನಿಯ ಕೂಗೊಂದು ಕೇಳಿಸಿತು.

‘ಯಣ್ಣಾ! ಒಂದ್ ಮಾತ್ ಆಡದಂಗ ಹ್ವಾದ್ಯಲ್ಲೋ!’

ಕಾಕಾ ಟ್ರೇಲರಿನ ಹಿಂದಿನ ಹಲಗೆ ಹಿಡಿದುಕೊಂಡು ಓಡುತ್ತಿದ್ದ. ದೊಡ್ಡಪ್ಪ ಕತ್ತು ಹೊರಳಿಸಿ ಒಂದು ಕಣ್ಣು ತೆರೆದ.

‘ಎಲ್ಲಿಗಿ ಹೋಗೀನ್ಲೇ? ಇಲ್ಲೇ ಕುಂತೀನಲ್ಲ.’

ಟ್ರ್ಯಾಕ್ಟರು ನಿಂತಿತು, ಬ್ಯಾಂಡೂ ನಿಂತಿತು. ‘ಸತ್ತಿಲ್ಲೇನು ನೀ?’ ಎಂದ ಕಾಕಾ. ಅದು ಸಿಟ್ಟೋ ಸಂತೋಷವೋ ತಿಳಿಯುವಂತಿರಲಿಲ್ಲ.

‘ಎತ್ತಿನ ಮಾತು ಇನ್ನಾ ಮುಗದಿಲ್ಲ. ಹ್ಯಾಂಗ ಸಾಯ್ಲಿ? ಏರು ಮ್ಯಾಲ.’

ಕಾಕಾ ಏರಿದ. ಯಾರೂ ಹೇಳದಿದ್ದರೂ ಮಸ್ತಾನ್ ಸಾಬರು ಮದುವೆಯ ಹಾಡು ಶುರುಮಾಡಿದರು. ಅಣ್ಣತಮ್ಮ ಊರೆಲ್ಲ ಸುತ್ತಿದರು, ದಾರಿಯುದ್ದಕ್ಕೂ ಎತ್ತಿನ ಬಗ್ಗೆಯೇ ಜಗಳವಾಡುತ್ತ.

ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ, ಬೀಗರ ಮನೆಯಲ್ಲಿ ನಾನು ಇದನ್ನು ಹೇಳಿ ನಗಿಸಿದ್ದಕ್ಕೆ ಲೆಕ್ಕವಿಲ್ಲ. ಓದಿದವನ ದಡ್ಡತನದಿಂದ ಇಬ್ಬರು ಕೂಡಿದರು ಎಂಬುದು ನನ್ನ ಕಥೆಯ ತಾತ್ಪರ್ಯ. ಈಗ ಅವರಿಬ್ಬರೂ ಇಲ್ಲ. ಮೊನ್ನೆ ಬ್ಯಾಂಡು ಹೋದ ಮೇಲೆ, ಆ ದಿನ ಬಾರಿಸಿದ್ದು ಯಾವ ಹಾಡು ಎಂಬ ಅನುಮಾನ ಹತ್ತಿತು. ಕಾಕಾನ ಮಗಳು ಶರಣಮ್ಮನಿಗೆ ಫೋನು ಮಾಡಿದೆ. ಅವಳೀಗ ಅಫಜಲಪುರದಲ್ಲಿದ್ದಾಳೆ.

‘ಹಾಡು ಯಾರಿಗಿ ನೆಪ್ಪ ಅದಣ್ಣಾ’ ಎಂದಳು. ‘ಆದ್ರ ಅವತ್ತ ನಸುಕಿನ್ಯಾಗೇ ಎದ್ದು ಅಪ್ಪ ಸಂದೂಕದಾಗಿನ ಹೊಸಾ ರುಮಾಲ ತಗದಿದ್ದ. ದೊಡ್ಡಪ್ಪನ ತಲಿಗಿ ಸುತ್ತಬೇಕಂತ. ಕರದಿಲ್ಲ, ಹ್ಯಾಂಗ ಹೋಗ್ಲಿ ಅಂತ ಬಾಗಲದಾಗ ನಿಂತ, ಕುಂತ, ಮತ್ತ ನಿಂತ. ಬ್ಯಾಂಡಿನ ಸಪ್ಪಳ ಕೇಳಿ ರುಮಾಲ ನನ್ನ ಕೈಯಾಗ ಒಗದು ಓಡಿದ.’

ಹುಟ್ಟುಹಬ್ಬಕ್ಕೆ ಕರೆಯಿಲ್ಲದೆ ಹೋಗುವಂತಿಲ್ಲ. ಮಣ್ಣಿಗೆ ಯಾರೂ ಯಾರನ್ನೂ ಕರೆಯಬೇಕಿಲ್ಲ, ಹಗೆಯೂ ಬರಬಹುದು. ಕಾಕಾ ಎಲ್ಲ ತಿಳಿದೇ ಬಂದನೇ? ಪುರಾವೆ ಕೇಳುವ ಹಳೆಯ ಚಟ ಬಿಡಲಿಲ್ಲ, ಕೇಳಿಯೇ ಬಿಟ್ಟೆ: ‘ಅಂದ್ರ ಅವತ್ತ ಕಾಕಾ ಅತ್ತದ್ದು ಸುಳ್ಳೇನು?’

‘ನಾ ಮನ್ಯಾಗಿದ್ದೆ. ನೀ ಅಲ್ಲೇ ಇದ್ದೆಲ್ಲಣ್ಣಾ? ಅಪ್ಪನ ಕಣ್ಣಾಗ ನೀರ ನೋಡಿಲ್ಲೇನು?’ ಎಂದಳು.

ನೆನಪು ಮಾಡಿಕೊಂಡೆ. ಮಸ್ತಾನ್ ಸಾಬರು ಕ್ಲಾರಿನೆಟ್ಟಿನ ಬಾಯಿ ಒರೆಸಿಕೊಂಡದ್ದು ಕಂಡಿತು. ಟ್ರ್ಯಾಕ್ಟರಿನ ಹೊಗೆ, ದೊಡ್ಡಪ್ಪ ತೆರೆದ ಒಂದು ಕಣ್ಣು ಕಂಡವು. ನಾನು ನಿಂತದ್ದು ಬ್ಯಾಂಡಿನ ನಡುವೆ. ಅಲ್ಲಿಂದ ಕಾಣುತ್ತಿದ್ದದ್ದು ಕಾಕಾನ ಬೆನ್ನು ಮಾತ್ರ.

‘ನೋಡೀನಿ, ತಂಗೀ’ ಎಂದೆ.